ತಾಮುವಿನ ಸೀದ ರೊಟ್ಟಿ

ಫೆಸ್ ಊರಿನ ನಮ್ಮ ಓಣಿಯ ಭಟ್ಟಿಯ ಮುಂದೆ, ಮನೆಯಲ್ಲಿ ತಟ್ಟಿ ತಂದ ರೊಟ್ಟಿ ಬೇಯಲೆಂದು ಕಾಯುತ್ತಿದ್ದೆವು. ನನ್ನ ಪಕ್ಕದಲ್ಲಿ ಇಬ್ಬರು ಓರಗಿತ್ತಿಯರು. ಕಿರಿಯವಳು, ಹೊಸ ಸೊಸೆ ವಫಾ, ಮಸೀದಿಯ ಮಿನಾರಿನ ತುದಿಯ ಕಂಬಿಯತ್ತ ಕೈ ತೋರಿದಳು.

“ತಾಮು ಅಕ್ಕಾ, ನಿನ್ನೆ ಸಿಡಿಲು ಆ ಸಿಡಿಲುಕಂಬಿಗೇ ಹೊಡೀತಂತೆ. ಸುತ್ತಲಿನ ಮನೆಗಳಿಗೆ ಏನೂ ಆಗ್ಲಿಲ್ವಂತೆ.”

“ಅದನ್ನ ನಿಲ್ಸಿರೋದೇ ಅದಕ್ಕೆ ಕಣೇ.”

“ನಮ್ಮನೇಲಿ ನೀವಿದ್ದ ಹಾಗೆ! ನಾನು ಬಂದಾಗಿಂದ ದಿನಾ ರೊಟ್ಟಿ ಸೀಯಿಸ್ತೀರಿ, ಅತ್ತೆ ಸಿಟ್ಟೆಲ್ಲ ನಿಮ್ಮ ಮೇಲೇ.”

“ನಗು, ನಗು. ಇವತ್ತು ಮಾಂಸದ ತಜೀನ್ ಮಾಡಿರೋಳು ನೀನು.”

“ಅದಕ್ಕೆ ಉಪ್ಪು ಜಾಸ್ತಿಯಾಗಿದೆ ಅಕ್ಕಾ. ಅತ್ತೆ ಬಿಡ್ತಾರಾ?”

ಭಟ್ಟಿಯವನು ತಾಮುವಿನ ರೊಟ್ಟಿ ಹೊರಗೆಳೆದ. ಹೊಂಬಣ್ಣಕ್ಕೆ ಬೆಂದಿತ್ತು.

“ಒಳಗೇ ಇರ್ಲಿ ಅಣ್ಣಾ,” ಎಂದಳು ತಾಮು. “ದಿನದ ಹಾಗೇ ಇನ್ನೊಂಚೂರು ಕಪ್ಪಾಗ್ಲಿ.”

ವಫಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಭಟ್ಟಿಯವನಿಗೆ ಮೆಲ್ಲಗೆ ಹೇಳಿದಳು:

“ಚೆನ್ನಾಗಿ ಕಪ್ಪಾಗ್ಲಿ ಅಣ್ಣಾ. ಉಪ್ಪು ತುಂಬಾನೇ ಬಿದ್ದಿದೆ.”