ಗಡಿಯಾರದಪ್ಪನ ಹದಿನೈದು ನಿಮಿಷ

ಸಂಜೆ ಐದಕ್ಕೆ ಹಿಡಿದ ಮಳೆ ಆರೂವರೆಯಾದರೂ ಬಿಡಲಿಲ್ಲ. ಗೋಪುರದ ಕೆಳಗಿನ ಬೇಕರಿಯಲ್ಲಿ ಮೂವರು ಸಿಕ್ಕಿಬಿದ್ದಿದ್ದರು: ಎದುರಂಗಡಿಯ ಕ್ಷೌರಿಕ, ಬಸ್ಸಿನ ಕಂಡಕ್ಟರ್ ಮತ್ತು ಗಡಿಯಾರ ಸರಿಮಾಡಲೆಂದು ಮೂಡಣ ದೇಶದ ಬಸ್ಸಿನ ಕಚೇರಿಯಿಂದ ಬಂದಿದ್ದ ಮೆಕ್ಯಾನಿಕ್ ಹೆಂಗಸು. ಗೋಪುರದ ಗಡಿಯಾರ ಹದಿನೈದು ನಿಮಿಷ ಹಿಂದಿದೆ, ಅದನ್ನು ನಂಬಿ ಜನ ಬಸ್ಸು ತಪ್ಪಿಸಿಕೊಳ್ಳುತ್ತಿದ್ದಾರೆ, ಕೂಡಲೇ ಸರಿಪಡಿಸುವುದು ಎಂಬ ಆದೇಶ ಅವಳ ಚೀಲದಲ್ಲಿತ್ತು. ಕೆಲಸಕ್ಕೆ ಸೇರಿ ತಿಂಗಳಾಗಿತ್ತು, ಮದುವೆಯಾಗಿ ಮೂರು ತಿಂಗಳು. ಮುಳ್ಳು ತಿರುಗಿಸಿ ಕೊನೇ ಬಸ್ಸಿಗೆ ಗಂಡನ ಹತ್ತಿರ ಹೋಗಿಬಿಡಬೇಕೆಂದು ಅವಳಿಗೆ ತವಕ; ಅಜ್ಜಿಗೂ ಅದನ್ನೇ ಹೇಳಿದ್ದಳು. ಆದರೆ ಗೋಪುರದ ಬೀಗದಕೈ ಬೇಕರಿಯ ಅಜ್ಜಿಯ ಸೊಂಟದಲ್ಲಿತ್ತು. ಅಜ್ಜಿ ಅದನ್ನು ಬಿಚ್ಚಿಕೊಡುವ ಲಕ್ಷಣ ಕಾಣಲಿಲ್ಲ.

"ಕೊಡ್ತೀನಮ್ಮ, ನಾನೇನು ಬೀಗದಕೈ ನುಂಗ್ತೀನಾ?" ಎಂದಳು ಅಜ್ಜಿ, ಒಲೆಯಿಂದ ಬ್ರೆಡ್ಡಿನ ತಟ್ಟೆ ಎಳೆಯುತ್ತಾ. "ಆದ್ರೆ ಆ ಗಡಿಯಾರ ಕೆಟ್ಟಿಲ್ಲ. ನಮ್ಮಪ್ಪ ಇಟ್ಟ ಟೈಮು ಅದು. ಸತ್ತ ಮೇಲೆ ಇಟ್ಟಿದ್ದು."

"ಶುರುವಾಯ್ತು ನೋಡಿ," ಎಂದು ಕ್ಷೌರಿಕ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ನೂರು ಸಲ ಕೇಳಿದ ಕತೆಗೆ ಅವನು ಇಷ್ಟು ಹತ್ತಿರ ಬಂದದ್ದು ಕಂಡು ಮೆಕ್ಯಾನಿಕ್ಕಿಗೆ ನಗು ಬಂತು. ಅವಳೂ ಬಿಸಿ ಬ್ರೆಡ್ಡು ಹಿಡಿದು ಕೂತಳು. ಅಜ್ಜಿ ಹಿಟ್ಟಿನ ಕೈ ಒರೆಸಿಕೊಂಡಳು.

"ಯುದ್ಧ ಹನ್ನೊಂದು ವರ್ಷ ನಡೀತು ಕಣಮ್ಮ. ಮೂಡಣದವರು ಮುಂದೆ ಬಂದ್ರು ಅಂದ್ರೆ ನಮ್ಮೂರು ಅವರದು, ಪಡುವಣದವರು ಹಿಂದಕ್ಕೆ ತಳ್ಳಿದ್ರು ಅಂದ್ರೆ ಇವರದು... ಒಂದೊಂದ್ಸಲ ಬೆಳಿಗ್ಗೆ ಎದ್ದು ನಾವೀಗ ಯಾವ ದೇಶದವರು ಅಂತ ಪಕ್ಕದ ಮನೆಯವರನ್ನ ಕೇಳ್ಬೇಕಾಗಿತ್ತು. ಎರಡು ದೇಶಕ್ಕೂ ಅರ್ಧ ಗಂಟೆ ವ್ಯತ್ಯಾಸ, ಮೂಡಣದವರು ಮುಂದೆ. ಊರಿಗೆ ಬಂದ ಸೇನಾಧಿಕಾರಿ ಮೊದಲು ಏನು ಮಾಡ್ತಿದ್ದ ಹೇಳಿ? ಬಾವುಟ ಏರಿಸ್ತಿದ್ನಾ? ಊಹೂಂ. ಗಡಿಯಾರ ತಿರುಗಿಸು ಅಂತಿದ್ದ! ನಮ್ಮಪ್ಪನೇ ಗೋಪುರದ ಕೆಲಸದವನು, ಊರಿಗೆಲ್ಲ ಗಡಿಯಾರದಪ್ಪ. ನೂರೆರಡು ಮೆಟ್ಟಿಲು ಹತ್ತಿ, 'ಸೂರ್ಯನಿಗಿಲ್ಲದ ಅವಸರ ಈ ಗಂಡಸರಿಗೆ' ಅಂತ ಬೈಕೊಂಡು ಮುಳ್ಳು ತಿರುಗಿಸಿ ಇಳಿದು ಬರ್ತಿದ್ದ. ಆರನೇ ಸಲ ಜ್ವರ ಇತ್ತು. ಹೋಗ್ಬೇಡ ಅಂದೆ, ಕೇಳ್ಲಿಲ್ಲ. ಮುಳ್ಳು ತಿರುಗಿಸಿದ, ಸ್ಟೂಲಿನ ಮೇಲೆ ಕೂತ... ಹಾಗೇ ಹೋಗ್ಬಿಟ್ಟ."

ಅಜ್ಜಿ ಒಲೆಗೆ ಒಂದು ಸೌದೆ ತಳ್ಳಿದಳು. ಹೊರಗೆ ಸೂರಿನ ನೀರು ಸುರಿಯುತ್ತಿತ್ತು.

"ಗೋಪುರಕ್ಕೆ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸ್ಕೊಂಡೆ. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡ್ತೀವಿ, ಮುಳ್ಳು ಅರ್ಧ ಗಂಟೆ ಮುಂದಕ್ಕೆ ಹೋಗಿದೆ! ಬೀಗ ಹಾಕಿದ ಹಾಗೇ ಇದೆ. ಕೆಟ್ಟುಹೋಯ್ತು ಅಂದ್ಕೊಂಡ್ವಿ. ಮಾರನೇ ದಿನ ಮೂಡಣದವರು ದಂಡು ಕಟ್ಕೊಂಡು ಬಂದೇಬಿಟ್ರು! ಅವರ ಅಧಿಕಾರಿ ಗಡಿಯಾರ ನೋಡಿದ, ಕೈಗಡಿಯಾರ ನೋಡಿದ, 'ಆಹಾ, ಏನು ನಿಷ್ಠೆ' ಅಂತ ಊರಿನ ಅಧ್ಯಕ್ಷರಿಗೆ ಪದಕ ಚುಚ್ಚಿದ. ಮುಂದಿನ ವರ್ಷ ಮುಳ್ಳು ಹಿಂದಕ್ಕೆ ಹೋಯ್ತು. ಅಧ್ಯಕ್ಷರು ಮೂಡಣದ ಪದಕ ಬಿಚ್ಚಿ ಪಡುವಣದ್ದಕ್ಕೆ ಎದೆ ಖಾಲಿ ಮಾಡ್ಕೊಂಡು ರಸ್ತೆಗೆ ಬಂದು ನಿಂತ್ರು! ಪಡುವಣದವರಿಗೆ ಮೀಸೆ ಇರ್ಬೇಕು, ಮೂಡಣದವರಿಗೆ ಇರಬಾರದು. ಹಾಗಾಗಿ ಇವನ ತಾತನ ಅಂಗಡಿ ಮುಂದೆ..."

"ನಮ್ಮ ತಾತ ಮನೆ ಕಟ್ಟಿಸಿದ್ದೇ ಆ ಗಡಿಯಾರದಿಂದ," ಎಂದ ಕ್ಷೌರಿಕ. ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗಿ, ನಗಿ. ನಾವೂ ನಗ್ತಿದ್ವಿ. ದೆವ್ವ ಅಂತ ಹೆದರ್ಕೊಂಡವರು ಯಾರೂ ಇಲ್ಲ, ಅಷ್ಟು ಉಪಕಾರದ ದೆವ್ವ ಯಾವ ಊರಿಗಿದೆ? ಆದ್ರೆ ಕೊನೇ ವರ್ಷ ಪಡುವಣದವರು ನಮ್ಮೆಜಮಾನರನ್ನ ಬಲವಂತವಾಗಿ ಸೈನ್ಯಕ್ಕೆ ಎಳ್ಕೊಂಡು ಹೋದ್ರು. ಆಗ ನನ್ನ ನಗು ನಿಂತ್ಹೋಯ್ತು. ಒಂದ್ಸಲ ಮೂರು ದಿನ ರಜೆ ಸಿಕ್ಕಿ ಮನೆಗೆ ಬಂದ್ರು. ಸಂಜೆಯೊಳಗೆ ಶಿಬಿರಕ್ಕೆ ವಾಪಸ್ಸು ಹೋಗ್ಬೇಕಾದ ದಿನ, ಬೆಳಿಗ್ಗೆ, ಮುಳ್ಳು ಮುಂದಕ್ಕೆ ಜರುಗೋಕೆ ಶುರುವಾಯ್ತು! ಮೂಡಣದವರು ಬರ್ತಿದ್ದಾರೆ ಅಂತ ಊರೆಲ್ಲ ಕೂಗಾಟ. ಪಡುವಣದ ಸಮವಸ್ತ್ರದಲ್ಲಿ ಸಿಕ್ಕಿಬಿದ್ರೆ ಮೂಡಣದವರು ಗುಂಡು ಹಾಕ್ತಾರೆ. ಅದನ್ನ ಸುಟ್ಟು ಮನೇಲೇ ಉಳಿದು, ಮೂಡಣದವರು ಬರದೇ ಇದ್ರೆ? ಓಡಿಹೋದವನು ಅಂತ ಪಡುವಣದವರು ಗುಂಡು ಹಾಕ್ತಾರೆ. ಇವರು ಇದೇ ಒಲೆ ಮುಂದೆ ಅಂಗಿ ಹಿಡ್ಕೊಂಡು ನಿಂತಿದ್ದಾರೆ. 'ಸುಡಲಾ?' ಅಂತ ನನ್ನ ಕೇಳ್ತಾರೆ. ಆಚೆ ಬಂದು ನೋಡ್ತೀನಿ, ಮುಳ್ಳು ಹದಿನೈದು ನಿಮಿಷ ಹೋಗಿ ನಿಂತ್ಬಿಟ್ಟಿದೆ! ಅರ್ಧಕ್ಕೆ! ಇದಕ್ಕೇನರ್ಥ ಹೇಳಿ?"

ಮೆಕ್ಯಾನಿಕ್ಕಿನ ಕೈಯಲ್ಲಿ ಬ್ರೆಡ್ಡು ಹಾಗೇ ಉಳಿದಿತ್ತು. ಒಲೆಯ ಮುಂದೆ ನಿಂತವನ ಜಾಗದಲ್ಲಿ ಅವಳಿಗೆ ತನ್ನ ಗಂಡನೇ ಕಾಣುತ್ತಿದ್ದ.

"ಬೀಗ ತೆಗೆದು ಹತ್ತಿದೆ. ಮೇಲೆ ಯಾರೂ ಇಲ್ಲ. ಆದ್ರೆ ಎಣ್ಣೆ ಡಬ್ಬಿ ಮುಟ್ಟಿದ್ರೆ ಬೆಚ್ಚಗಿದೆ... ಅಪ್ಪನ ಮೊಣಕಾಲು ಬದುಕಿದ್ದಾಗಿನ ಹಾಗೇ ಕಟಕ್ ಅಂದಿದ್ದು ಕೇಳಿಸ್ತು. 'ಅಪ್ಪಾ, ಇದೇನು ಅರ್ಧಂಬರ್ಧ? ಅಳಿಯನ ಜೀವ ಹೋಗೋ ಹೊತ್ತು' ಅಂದೆ. ಅಷ್ಟರಲ್ಲಿ ಮೂಲೆಯಲ್ಲಿದ್ದ ಅಪ್ಪನ ಹತಾರದ ಪೆಟ್ಟಿಗೆ ಮುಚ್ಚಳ ತಾನಾಗೇ ಮುಚ್ಚಿಕೊಳ್ತು. ಟಪ್! ಎಲ್ಲ ಅರ್ಥ ಆಯ್ತಮ್ಮ ನಂಗೆ. ಅಪ್ಪ ಕೆಲಸ ಮುಗಿಯೋವರೆಗೂ ಆ ಮುಚ್ಚಳ ಮುಚ್ಚಿದವನಲ್ಲ, ಊಟಕ್ಕೆ ಇಳಿದ್ರೂ ತೆರೆದೇ ಇರ್ತಿತ್ತು. ಮುಚ್ಚಿದ್ದಾನೆ ಅಂದ್ರೆ ಕೆಲಸ ಮುಗೀತು. ಇದು ಅವರ ಟೈಮೂ ಅಲ್ಲ, ಇವರ ಟೈಮೂ ಅಲ್ಲ! ಓಡಿ ಬಂದು ಅಂಗಿ ಕಿತ್ಕೊಂಡು, 'ಸುಡ್ಬೇಡಿ, ಹಾಕ್ಕೊಳ್ಳೋದೂ ಬೇಡ, ಏಪ್ರನ್ ಕಟ್ಕೊಂಡು ಹಿಟ್ಟು ನಾದಿ' ಅಂದೆ. ಪಾಪ, ಅಳ್ತಾ ನಾದಿದ್ರು. ಮಧ್ಯಾಹ್ನ ಎರಡೂ ಕಡೆ ಅಧಿಕಾರಿಗಳು ಬಿಳಿ ಬಟ್ಟೆ ಹಿಡ್ಕೊಂಡು ಬಂದು ನಮ್ಮ ಬೇಕರಿ ಮೇಜನ್ನೇ ರಸ್ತೆಗೆ ಹಾಕ್ಸಿ ಕದನವಿರಾಮಕ್ಕೆ ಸಹಿ ಹಾಕಿದ್ರು. ಊರು ಇಬ್ಬರಿಗೂ ಸೇರಿದ್ದಲ್ಲ, ಬಲವಂತವಾಗಿ ಸೇರಿಸ್ಕೊಂಡವರನ್ನೆಲ್ಲ ಬಿಡೋದು ಅಂತ. ಸಹಿ ಮಾಡಿ, ತಿನ್ನೋಕೇನಿದೆ ಅಂತ ನಮ್ಮೆಜಮಾನರನ್ನೇ ಕೇಳಿದ್ರು! ಅಗೋ, ಒಳಗೆ ಗೊರಕೆ ಹೊಡೀತಿರೋದು ಅವರೇ. ನಲವತ್ತು ವರ್ಷದಿಂದ ಹೊಡೀತಿದ್ದಾರೆ. ಆ ಸದ್ದು ಕೇಳಿದ್ರೆ ನಂಗೆಷ್ಟು ಸಂತೋಷ ಗೊತ್ತಾ?"

ಎಲ್ಲರೂ ಮನಸಾರೆ ನಕ್ಕರು. ಮಳೆ ಇಳಿಮುಖವಾಗಿತ್ತು. ಮೆಕ್ಯಾನಿಕ್ ಕಣ್ಣೊರೆಸಿಕೊಂಡು, "ಸರಿ ಅಜ್ಜಿ, ನಾನು ಗಡಿಯಾರ ಮುಟ್ಟಲ್ಲ. ಹದಿನೈದು ನಿಮಿಷ ಹಾಗೇ ಇರ್ಲಿ ಅಂತ ಬರೆದುಕೊಡ್ತೀನಿ," ಎಂದಳು.

ಅಜ್ಜಿ ಅವಳ ಮುಖವನ್ನೇ ನೋಡಿದಳು. "ಹದಿನೈದು ಅಂತ ಬರೀಬೇಡ. ಒಂದ್ಸಲ ನೋಡಿ ಬರಿ."

ಮೆಕ್ಯಾನಿಕ್ ಬಾಗಿಲಿಗೆ ಬಂದು ಕತ್ತೆತ್ತಿದಳು. ಕೈಗಡಿಯಾರ ನೋಡಿ, ಮತ್ತೆ ಕತ್ತೆತ್ತಿದಳು. ಹತ್ತೊಂಬತ್ತು ನಿಮಿಷ ಹಿಂದಿತ್ತು.

"ಸೋಮವಾರ ಮೇಲೆ ಪೆಟ್ಟಿಗೆ ಮುಚ್ಚಳ ತೆಗೆದ ಸದ್ದಾಯ್ತು," ಎಂದಳು ಅಜ್ಜಿ, ಮೆಲ್ಲಗೆ. "ದಿನಕ್ಕೊಂದು ನಿಮಿಷ ಪಡುವಣದ ಕಡೆಗೆ ಹೋಗ್ತಿದೆ. ವಯಸ್ಸಾಯ್ತಲ್ಲ, ಈ ಸಲ ನಿಧಾನ."

ಕ್ಷೌರಿಕ ಕುರ್ಚಿಯಿಂದ ಏಳಲಿಲ್ಲ. ಅಜ್ಜಿ ಒಂದು ದೊಡ್ಡ ಪೊಟ್ಟಣ ತುಂಬ ಬ್ರೆಡ್ಡು ಕಟ್ಟಿ ಮೆಕ್ಯಾನಿಕ್ಕಿನ ಕೈಗಿಟ್ಟಳು.

"ಕೊನೇ ಬಸ್ಸು ತಪ್ಪಿಸ್ಕೋಬೇಡಮ್ಮ, ಹೊರಡು," ಎಂದಳು. "ಅಂದಹಾಗೆ, ನಿಮ್ಮೆಜಮಾನರಿಗೆ ಈಗೆಷ್ಟು ವಯಸ್ಸು?"