ಒಂದು ಜೊತೆ ರೆಕ್ಕೆಗೆ ಎಷ್ಟು ವರ್ಷ ಬೇಕು?

ಈ ಮಠದ ಸಭೆಯಲ್ಲಿ ಈಗಷ್ಟೇ ತ್ಯಾಗ ದೊಡ್ಡದು ಅಂದೆ. ಎಲ್ಲರೂ ತಲೆದೂಗಿದಿರಿ. ಸಂತೋಷ. ಈಗ ಒಂದು ಕಥೆ ಹೇಳ್ತೇನೆ, ಕೇಳಿದ ಮೇಲೂ ಅಷ್ಟೇ ಸಲೀಸಾಗಿ ತಲೆದೂಗ್ತೀರೋ ನೋಡೋಣ.

ಒಂದೂರು. ಯಾವೂರು ಅಂತ ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ. ಅಲ್ಲೊಬ್ಬ ಸಾಹುಕಾರ, ಅವನಿಗೊಬ್ಬ ತಮ್ಮ. ಸಾಹುಕಾರನಿಗೆ ದೇವರು ಎಲ್ಲ ಕೊಟ್ಟಿದ್ದ, ಜೊತೆಗೆ ಒಂದು ಹುಚ್ಚನ್ನೂ ಕೊಟ್ಟಿದ್ದ. ಏನು ಹುಚ್ಚು? ತನ್ನ ಕೈಯಾರೆ ಒಂದು ವಿಮಾನ ಕಟ್ಟಬೇಕು, ಅದನ್ನು ತಾನೇ ಹಾರಿಸಬೇಕು. ನಗಬೇಡಿ! ಇಬ್ಬರು ಕೂರುವಂಥ ಪುಟ್ಟ ವಿಮಾನದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸುವವರಿದ್ದಾರೆ. ಕಿಟ್ ಅಂತಾರೆ. ಮರದ ಪಟ್ಟಿ, ಬಟ್ಟೆ, ಅಂಟು, ಲೋಹದ ಹಿಡಿಕೆ, ಮೇಲೊಂದು ನಕ್ಷೆ. ಕಟ್ಟುವುದು ನಿಮ್ಮ ಪಾಡು. ಅಣ್ಣ ತಮ್ಮ ಇಬ್ಬರೂ ವಿಮಾನ ಹಾರಿಸುವುದನ್ನು ಕಲಿತು ಬಂದರು, ಅಣ್ಣನ ಹಿತ್ತಲ ಶೆಡ್ಡಿನಲ್ಲಿ ಕೂಡಿ ವಿಮಾನದ ಒಡಲು ಕಟ್ಟಿದರು. ಇನ್ನು ಉಳಿದದ್ದು ರೆಕ್ಕೆ.

ಅಷ್ಟರಲ್ಲಿ ತಮ್ಮನ ಮಗಳ ಮದುವೆ ಬಂತು. ಲಗ್ನಪತ್ರಿಕೆ ಅಚ್ಚಾಗಿ ಬಂತು. ಸಾಹುಕಾರನ ಹೆಸರು ಎಲ್ಲಿತ್ತು? ತಮ್ಮನ ಭಾವಮೈದನ ಹೆಸರಿನ ಕೆಳಗೆ! ಅಷ್ಟೇ ನೋಡಿ. "ಅವನ ಭಾವಮೈದನಿಗಿಂತ ನಾನು ಕೆಳಗಾ?" ಅಂದ ಇವನು. "ಅಚ್ಚಿನವನು ಮಾಡಿದ ತಪ್ಪಿಗೆ ನಾನೇನು ಮಾಡ್ಲಿ?" ಅಂದ ಅವನು. ಮಾತು ನಿಂತುಹೋಯಿತು. ಎದುರುಬದುರು ಮನೆ, ಮುಖಕ್ಕೆ ಮುಖ ಕೊಡುವುದಿಲ್ಲ. ಇಂಥದ್ದು ನಿಮ್ಮೂರಲ್ಲಿ ನಡೆಯುವುದೇ ಇಲ್ಲ ಬಿಡಿ!

ಆದರೆ ಸಾಹುಕಾರನಿಗೆ ಕಾಯುವಂತಿರಲಿಲ್ಲ. ಅವನ ಕಣ್ಣು ಸೋಲುತ್ತಿತ್ತು. ವಿಮಾನ ಹಾರಿಸುವವರು ಆಗಾಗ ವೈದ್ಯರ ಮುಂದೆ ನಿಂತು ಸೈ ಅನ್ನಿಸಿಕೊಳ್ಳಬೇಕು. ವೈದ್ಯರು ಹೇಳಿಬಿಟ್ಟಿದ್ದರು, "ಯಜಮಾನರೇ, ಇನ್ನು ಮೂರ್ನಾಲ್ಕು ವರ್ಷ. ಆಮೇಲೆ ನಾನು ಸಹಿ ಹಾಕೋಕಾಗಲ್ಲ." ಅದಕ್ಕೇ ಅವನು ಹೆಂಡತಿಯ ಕೈಲಿ ಹೇಳಿಕಳಿಸಿದ, "ಒಂದು ರೆಕ್ಕೆ ನಾನು ಮಾಡ್ತೀನಿ, ಇನ್ನೊಂದು ಅವನ ಮನೇಲಿ ಅವನು ಮಾಡ್ಲಿ." ತಮ್ಮ ಅತ್ತಿಗೆಗೆ, "ಆಗಲಿ ಅನ್ನಿ" ಅಂದ. ನಕ್ಷೆಯ ಒಂದು ಪ್ರತಿ, ಒಂದು ರೆಕ್ಕೆಯ ಸಾಮಾನು ಬೀದಿ ದಾಟಿ ಆ ಮನೆಗೆ ಹೋದವು.

ರೆಕ್ಕೆ ಕಟ್ಟುವುದಕ್ಕೆ ಎಷ್ಟು ದಿನ ಬೇಕು, ಹೇಳಿ? ತಿಂಗಳು? ಆರು ತಿಂಗಳು? ದಿನವೂ ಸಂಜೆ ಕೂತರೂ ಎರಡು ವರ್ಷ! ರೆಕ್ಕೆಯೊಳಗೆ ನಮ್ಮ ಪಕ್ಕೆಲುಬಿನ ಹಾಗೆ ಸಾಲಾಗಿ ಮರದ ಚೌಕಟ್ಟುಗಳಿರುತ್ತವೆ. ಒಂದಕ್ಕೆ ಅಂಟು ಹಾಕಿ, ಅದು ಒಣಗಿದ ಮೇಲೆ ಅಚ್ಚಿನಿಂದ ತೆಗೆದು, ಆಮೇಲೆ ಮುಂದಿನದು. ಅಂಟಿಗೆ ಇವನು ಸಾಹುಕಾರ ಅಂತ ಗೊತ್ತಾಗುವುದಿಲ್ಲ, ಒಣಗುವ ಹೊತ್ತಿಗೇ ಒಣಗುತ್ತದೆ. ಆಮೇಲೆ ಉಜ್ಜಬೇಕು, ಬಟ್ಟೆ ಬಿಗಿಯಬೇಕು, ಬಣ್ಣದ ಮೇಲೆ ಬಣ್ಣ ಬಳಿಯಬೇಕು. ಸಾಹುಕಾರ ಅಷ್ಟೂ ಮಾಡಿದ. ಕೈಗೆ ಮರದ ಸಿಬಿರು ಚುಚ್ಚಿತು, ಸೊಂಟ ಹಿಡಿಯಿತು. ಎದುರುಮನೆಯಿಂದ ಉಜ್ಜುವ ಸದ್ದು ಕೇಳಿದಾಗೆಲ್ಲ ಕಿವಿಗೊಟ್ಟು ಕೇಳಿದ. ಹೋಗಿ ನೋಡಲಿಲ್ಲ.

ಎರಡು ವರ್ಷದ ಮೇಲೆ ತಮ್ಮನ ರೆಕ್ಕೆಯನ್ನು ನಾಲ್ಕು ಜನ ಹೊತ್ತು ತಂದು ಶೆಡ್ಡಿನಲ್ಲಿಟ್ಟರು. ಹಿಂದೆ ತಮ್ಮನೂ ಬಂದ. ಒಡಲಿನ ಎಡಕ್ಕೆ ಅಣ್ಣನ ರೆಕ್ಕೆ ಸರಿಯಾಗಿ ಕೂತಿತು. ಬಲಕ್ಕೆ ತಮ್ಮನದನ್ನು ಹಿಡಿದರು. ಕೂರಲಿಲ್ಲ. ತಿರುಗಿಸಿದರು. ಕೂರಲಿಲ್ಲ. ಯಾಕೆ? ಅದೂ ಎಡಗಡೆಯದೇ!

ನಕ್ಷೆಯಲ್ಲಿ ಬರೆದಿದ್ದದ್ದು ಎಡರೆಕ್ಕೆ ಒಂದೇ. ಬಲಗಡೆಯದನ್ನು ಇದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಮಾಡಿಕೊಳ್ಳಬೇಕು. ಅದು ಕಷ್ಟ. 'ಬರೆದಿರುವುದು ದೊಡ್ಡವನಾದ ನನ್ನದು, ಚಿಕ್ಕವನು ತಿರುವಿ ಮಾಡಲಿ' ಅಂದುಕೊಂಡಿದ್ದ ಅಣ್ಣ. ತಮ್ಮನೂ ಏನೋ ಅಂದುಕೊಂಡಿದ್ದ. ಕೇಳಿದವರು ಯಾರು? ಹೇಳಿದವರು ಯಾರು? ಹಾಗೇ ಹಾಕಿಬಿಡಬಹುದಲ್ಲ ಅಂತೀರಾ? ಎರಡು ಎಡಗಾಲಿನ ಚಪ್ಪಲಿ ಹಾಕಿಕೊಂಡು ಮಠದ ಮೆಟ್ಟಿಲು ಇಳಿದು ನೋಡಿ, ಗೊತ್ತಾಗುತ್ತೆ.

ತಮ್ಮ ಒಂದು ಮಾತೂ ಆಡದೆ ತನ್ನ ರೆಕ್ಕೆ ಹೊರಿಸಿಕೊಂಡು ಮನೆಗೆ ಹೋದ.

ಸಾಹುಕಾರನಿಗೆ ಅವತ್ತು ಊಟ ಸೇರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಮನಸ್ಸು ಕರಗಿತು. 'ಪಾಪ, ಅವನೂ ಎರಡು ವರ್ಷ ಒದ್ದಾಡಿದಾನೆ. ನಾನು ಅಣ್ಣ, ನಾನೇ ಬಗ್ಗಬೇಕು' ಅಂದುಕೊಂಡ. ಒಳ್ಳೆಯ ಯೋಚನೆಯೇ! ರೆಕ್ಕೆಯನ್ನು ಒಡಲಿಗೆ ಕಚ್ಚಿಸುವ ಲೋಹದ ಹಿಡಿಕೆಗಳು ಪೆಟ್ಟಿಗೆಯಲ್ಲಿ ಬಂದಿದ್ದದ್ದು ಎರಡು ರೆಕ್ಕೆಗೆ ಆಗುವಷ್ಟೇ. ಬಲರೆಕ್ಕೆ ಮಾಡಬೇಕಾದರೆ ತನ್ನ ಎಡರೆಕ್ಕೆಯನ್ನು ಕೊಯ್ದು ಅವನ್ನು ತೆಗೆಯಬೇಕು. ಗರಗಸ ಹಿಡಿದ. ತನ್ನ ಎರಡು ವರ್ಷವನ್ನು ತಾನೇ ಕೊಯ್ದ. ಕಣ್ಣಲ್ಲಿ ನೀರು ಬಂತು.

ಹೆಂಡತಿ ಬಾಗಿಲಲ್ಲಿ ನಿಂತು ಅಂದಳು, "ರೀ, ಹೋಗಿ ಒಂದು ಮಾತು ಹೇಳಿ ಬನ್ನಿ."

"ಹೇಳೋದೇನು? ಮಾಡಿ ತೋರಿಸ್ತೀನಿ. ಅಣ್ಣ ಅಂದ್ರೆ ಏನು ಅಂತ ಆಗ ಗೊತ್ತಾಗುತ್ತೆ ಅವನಿಗೆ."

ನೋಡಿ, ಎಲ್ಲಿ ಬಂತು ಅಹಂಕಾರ! ತ್ಯಾಗದ ಒಳಗೇ ಬಂದು ಕೂತಿತ್ತು.

ಕೈ ಪಳಗಿತ್ತು. ಆದರೂ ಒಂದೂವರೆ ವರ್ಷ ಹಿಡಿಯಿತು. ಕಣ್ಣಿಗೆ ಗೆರೆ ಮಸುಕಾಗಿ ಕಾಣುತ್ತಿತ್ತು. ಕೊನೆಯ ಸಲ ಸಹಿ ಹಾಕುವಾಗ ವೈದ್ಯರು ತಲೆ ಅಲ್ಲಾಡಿಸಿದ್ದರು. ಬಲರೆಕ್ಕೆ ಮುಗಿದ ದಿನ ತಮ್ಮನಿಗೆ ಹೇಳಿಕಳಿಸಿದ, "ಅವನ ರೆಕ್ಕೆ ತರ್ಲಿ." ನಾಲ್ಕು ಜನ ಹೊತ್ತು ತಂದರು. ಹಿಂದೆ ತಮ್ಮನೂ ಬಂದ. ಬೆಳಕಿಗೆ ಹಿಡಿದರು.

ಅದು ಬಲರೆಕ್ಕೆ!

ತಮ್ಮನೂ ಮನುಷ್ಯನೇ ಅಲ್ಲವೇ? ಅವನಿಗೂ ಕರುಳಿಲ್ಲವೇ? 'ಅಣ್ಣನ ಕಣ್ಣು ಸೋಲ್ತಿದೆ, ಅವನಿಗ್ಯಾಕೆ ಮತ್ತೆ ಕಷ್ಟ' ಅಂತ ಅವನೂ ಗರಗಸ ಹಿಡಿದಿದ್ದ. ಅವನೂ ಹೇಳಲಿಲ್ಲ. ಮಾತು ಆಡಿದರೆ ಹೋಯ್ತು ಅಂತ ಗಾದೆ ಇದೆ. ಆಡದಿದ್ದರೂ ಹೋಗುತ್ತೆ ಸ್ವಾಮಿ! ಮೊದಲು ಎರಡು ಎಡ. ಈಗ ಎರಡು ಬಲ. ಎರಡು ಜೀವ ತ್ಯಾಗ ಮಾಡಿವೆ, ವಿಮಾನ ಮಾತ್ರ ನೆಲ ಬಿಟ್ಟಿಲ್ಲ.

ಸಾಹುಕಾರ ನೆಲದ ಮೇಲೆ ಕೂತುಬಿಟ್ಟ. ಇನ್ನೊಂದು ರೆಕ್ಕೆ ಮುಗಿಯುವ ಹೊತ್ತಿಗೆ ತನ್ನ ಕಣ್ಣು ಇರುವುದಿಲ್ಲ, ತಾನು ಇದನ್ನು ಎಂದೂ ಹಾರಿಸುವುದಿಲ್ಲ ಅಂತ ಅವನಿಗೆ ಆ ಕ್ಷಣ ತಿಳಿಯಿತು. ತಲೆ ಎತ್ತಿ, ನಾಲ್ಕು ವರ್ಷದ ಹತ್ತಿರ ಆಡದೆ ಇಟ್ಟುಕೊಂಡಿದ್ದ ಮಾತು ಆಡಿದ.

"ತಮ್ಮಾ, ಈ ಸಲ ನೀನು ಯಾವುದು ಮಾಡ್ತೀಯಪ್ಪಾ?"

ತಮ್ಮ ಗೊಳೋ ಅಂತ ಅತ್ತ. "ಅಣ್ಣಾ, ಚಿಕ್ಕಂದಿನಿಂದ ಕಷ್ಟದ್ದೆಲ್ಲ ನೀನೇ ಇಟ್ಕೊಂಡು ಸುಲಭದ್ದು ನನಗೆ ಕೊಡ್ತಿದ್ದೆ. ಮೊದಲ ಸಲ ಬಲರೆಕ್ಕೆ ನೀನೇ ಮಾಡ್ತಿರ್ತೀಯ ಅಂತ ನಾನು ಎಡದ್ದು ಮಾಡ್ದೆ."

ಅಣ್ಣನಿಗೆ ತಾನು ಅಂದುಕೊಂಡಿದ್ದದ್ದು ನೆನಪಾಗಿ ನಾಚಿಕೆಯಾಯಿತು. ಅದನ್ನೂ ಬಾಯಿಬಿಟ್ಟು ಹೇಳಿದ.

ಎರಡು ಬಲರೆಕ್ಕೆಯಲ್ಲಿ ಒಂದನ್ನು ಕೊಯ್ದು ಹಿಡಿಕೆ ತೆಗೆದು, ಎಡರೆಕ್ಕೆಯನ್ನು ಒಂದೇ ಶೆಡ್ಡಿನಲ್ಲಿ ಇಬ್ಬರೂ ಕೂಡಿ ಕಟ್ಟಿದರು. ವಿಮಾನ ಹಾರಿತು. ಹಾರಿಸಿದವನು ತಮ್ಮ. ಅಣ್ಣ ಪಕ್ಕದಲ್ಲಿ ಕೂತಿದ್ದ, ಕೈ ತೊಡೆಯ ಮೇಲಿತ್ತು.

"ಕೆಳಗೆ ಊರು ಕಾಣ್ತಿದೆಯಾ ಅಣ್ಣಾ?"

"ಎಲ್ಲ ಮಸುಕು. ನೀನು ಹೇಳ್ತಾ ಹೋಗು, ನಾನು ಕೇಳ್ತೀನಿ."

ಈಗ ನಿಮ್ಮ ವಿಷಯಕ್ಕೆ ಬರೋಣ. ರೆಕ್ಕೆ ಕಟ್ಟೋಕೆ ಎರಡು ವರ್ಷ ಹಿಡಿಯುತ್ತೆ, ಅದು ಮರದ ಧರ್ಮ, ಅಂಟಿನ ಧರ್ಮ. ಆಮೇಲೆ ಹೋದ ವರ್ಷಗಳನ್ನು ತಿಂದದ್ದು ಯಾರು? ನೀವು ಮನೆಯಲ್ಲಿ ಗಂಡನ ಎದುರಿಗೇ ಮಗುವಿಗೆ, "ನಿಮ್ಮಪ್ಪಂಗೆ ಹೇಳು, ಬಡಿಸಿದೀನಿ" ಅಂತೀರಲ್ಲ ತಾಯಿ, ಅದು. "ಇವರಿಗೋಸ್ಕರ ಇಷ್ಟೆಲ್ಲ ಮಾಡ್ದೆ, ಒಬ್ಬರಿಗೂ ಗೊತ್ತಾಗಲಿಲ್ಲ" ಅಂತ ಕೊರಗ್ತೀರಲ್ಲ ಯಜಮಾನರೇ, ಅದು. ಅವರಿಗೆ ಏನು ಬೇಕು ಅಂತ ಒಂದು ದಿನ ಕೇಳಿದ್ದೀರಾ? ತ್ಯಾಗ ಮಾಡಿ, ಬೇಡ ಅನ್ನುವುದಿಲ್ಲ. ಮಾಡುವ ಮೊದಲು ಕೇಳಿ. ಮಾಡುವಾಗ ಹೇಳಿ.

ಇವತ್ತೇ ಶುರುಮಾಡಿ. ಈ ಸಭೆಯಲ್ಲೂ ಆ ಕಂಬಕ್ಕೊಬ್ಬ ಈ ಕಂಬಕ್ಕೊಬ್ಬ ಒರಗಿ ಕೂತ ಒಡಹುಟ್ಟಿದವರಿದ್ದೀರಿ. ಇಲ್ಲಿಂದ ನೋಡಿದರೆ ಚೆನ್ನಾಗಿ ಕಾಣುತ್ತೆ. ಇನ್ನು ಸ್ವಲ್ಪ ಹೊತ್ತಿಗೆ ಪ್ರಸಾದಕ್ಕೆ ಏಳ್ತೀರಿ. ಪಂಕ್ತಿಯಲ್ಲಿ ಪಕ್ಕದಲ್ಲೇ ಹೋಗಿ ಕೂತ್ಕೊಳ್ಳಿ. ಯಾರು ಮೊದಲು ಮಾತಾಡಬೇಕು ಅಂತ ನನ್ನನ್ನು ಕೇಳಬೇಡಿ. ಎಲೆಗೆ ಅನ್ನ ಬೀಳುವ ಮೊದಲು, ಯಾರಿಗೆ ಈ ಕಥೆ ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತೋ ಅವರು ಮಾತಾಡಿ.