ಹಗ್ಗದಾಚೆಯ ಕೆಂಪು ಬಗ್ಗಿ

…ಅಲ್ಲ, ಮೊದಲು ಆ ಟೈರನ್ನ ಕೆಳಗಿಡು. ಇಡು ಅಂದೆ. ಅದು ಲಾರಿಗೋಸ್ಕರ ಹುಟ್ಟಿದ್ದು ಕಣಮ್ಮ, ಮರಳಲ್ಲಿ ಓಡೋ ನಿನ್ನ ಡ್ಯೂನ್ ಬಗ್ಗಿಗಲ್ಲ. ನಾಲ್ಕು ಕಬ್ಬಿಣದ ಪೈಪು, ಎರಡು ಸೀಟು, ಬೆನ್ನಿಗೊಂದು ಎಂಜಿನ್ನು… ಇಷ್ಟೇ ತಾನೇ ನಿನ್ನ ಗಾಡಿ? ಅದರ ಕಾಲಿಗೆ ಇದನ್ನ ಕಟ್ಟೋದೂ ಒಂದೇ, ಗುಬ್ಬಚ್ಚಿಗೆ ಗಂಬೂಟು ಹಾಕೋದೂ ಒಂದೇ.

ಯಾಕೆ ನಗ್ತೀಯ? ನಗು, ನಗು. ಸೋದರಮಾವ ಬಾಯಿ ತೆಗೆದರೆ ನಗೋದು ನಿಮ್ಮಮ್ಮನಿಂದ ಬಂದ ಆಸ್ತಿ. ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ, ನಾನು ಬಾಯಿ ತೆಗೆಯೋಕೆ ಮುಂಚೆಯೇ ನಗ್ತಿದ್ದಳು.

ಬಾ, ಈ ಸ್ಟೂಲ್ ಮೇಲೆ ಕೂತ್ಕೋ. ಹೆಲ್ಮೆಟ್ಟು ಕೌಂಟರ್ ಮೇಲಿಡು. ಅದೇನು ಎರಡೆರಡು ಹೊತ್ಕೊಂಡು ಬಂದಿದೀಯ? ಒಂದಕ್ಕೆ ನೆಗಡಿ ಬಂದರೆ ಇನ್ನೊಂದು ಇರಲಿ ಅಂತಾನಾ?… ಹೇಳಲ್ಲ. ಸರಿ, ಹೇಳಬೇಡ.

ನೀನು ಯಾಕೆ ಬಂದಿದೀಯ ಅಂತ ಗೊತ್ತು. ಹೋದ ವಾರ ಬೋಳುದಿಬ್ಬದ ಪಕ್ಕೆಯಲ್ಲಿ ಅಡ್ಡಡ್ಡ ಹೋಗ್ತಾ ನಿನ್ನ ಒಂದು ಗಾಡಿ ಜಾರಿ ಮಗ್ಗುಲಾಗಿ ಮಲಗಿತಂತೆ. ಒಳಗೆ ತಾಯಿ, ಮಗು… ಇಬ್ಬರೂ ಬೆಲ್ಟಿಗೆ ಜೋತುಬಿದ್ದು ಕಿರುಚಿದರಂತೆ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಜನ ದುಡ್ಡು ಕೊಟ್ಟು ಬರೋದು ಮರಳಲ್ಲಿ ಸವಾರಿ ಮಾಡೋಕೆ, ನೇತಾಡೋಕಲ್ಲ. ಇನ್ನೊಂದು ಸಲ ಹಾಗಾದರೆ ನಿನ್ನ ವ್ಯಾಪಾರ ಮುಚ್ಚಿದ ಹಾಗೇ. ಅದಕ್ಕೇ ಎಂಟು ಗಾಡಿಗೂ ಟೈರು ಬದಲಾಯಿಸಬೇಕು ಅಂತ ಹೊರಟಿದೀಯ. ಒಳ್ಳೇದು. ಬುದ್ಧಿ ಇದೆ.

ಬುದ್ಧಿ ಇರೋಳು ಮೊದಲು ಎದುರು ಅಂಗಡಿಗೆ ಯಾಕೆ ಹೋದೆ?

ನೋಡಿದೆ. ಈ ಗಾಜಿನ ಬಾಗಿಲು ಹಾಕಿಸಿರೋದು ಬರೋರು ಒಳಗೆ ನೋಡಲಿ ಅಂತಲ್ಲ, ನಾನು ಹೊರಗೆ ನೋಡೋಕೆ. ಅರ್ಧ ಗಂಟೆ ನೀನು ಅಲ್ಲೇ ನಿಂತಿದ್ದೆ. ಏನು ತೋರಿಸಿದ? ಕಪ್ಪಗೆ ಫಳಫಳ ಅಂತಿತ್ತಾ? ಪಾಲಿಶ್ ಅದು. ಓಡಿ ಸುಸ್ತಾದ ಟೈರಿಗೆ ಪಾಲಿಶ್ ಬಳಿದು, ಈಗ ತಾನೇ ಹುಟ್ಟಿತು ಅಂತ ಮಾರೋ ಮನುಷ್ಯ. ಮದುವೆಗೆ ಗಂಡು ತೋರಿಸೋರೂ ಅಷ್ಟು ಬಳಿಯಲ್ಲ.

ಬಾ ಇಲ್ಲಿ. ಈ ಟೈರಿನ ಮೇಲೆ ಅಂಗೈ ಇಡು… ಹ್ಞಾ. ಚುಚ್ಚುತ್ತಾ? ಸಣ್ಣ ಸಣ್ಣ ರಬ್ಬರ್ ಕೂದಲು. ಅಚ್ಚಿನಿಂದ ಹೊರಗೆ ಬರುವಾಗಲೇ ಮೈಮೇಲೆ ಹೊತ್ಕೊಂಡು ಬರುತ್ತೆ, ಹುಟ್ಟುಗೂದಲು ಅನ್ನು. ಪಕ್ಕೆಯಲ್ಲಿರೋದು ಸ್ವಲ್ಪ ಕಾಲ ಬಾಳುತ್ತೆ. ನೆಲ ಮುಟ್ಟೋ ಕಡೆ ಇರೋದು ಮಾತ್ರ, ಒಂದೇ ಒಂದು ಸಲ ಮರಳಿಗಿಳಿದು ಬಂದರೆ ಮುಗೀತು, ಹುಡುಕಿದರೂ ಸಿಗಲ್ಲ. ಮರಳಿನಷ್ಟು ನುಣ್ಣಗೆ ಬೋಳಿಸೋರು ಈ ಲೋಕದಲ್ಲಿ ಯಾರೂ ಇಲ್ಲ. ಅದಕ್ಕೇ ಟೈರು ತಗೊಳ್ಳುವಾಗ ಮಾರೋನ ಬಾಯಿ ನೋಡಬೇಡ, ಕೂದಲು ಮುಟ್ಟಿ ನೋಡು. ಬಾಯಿ ಸುಳ್ಳು ಹೇಳುತ್ತೆ, ಕೂದಲು ಹೇಳಲ್ಲ. ಇದನ್ನ ನಾನು ಗಿರಾಕಿಗಳಿಗೆ ಹೇಳಿಕೊಡೋದಿಲ್ಲ. ಅಕ್ಕನ ಮಗಳು ಅಂತ ನಿನಗೆ.

ಈಗ ಯಾವ ಟೈರು ಅನ್ನೋದಕ್ಕೆ ಬರೋಣ.

ಮೊನ್ನೆ ಹಲ್ಲಿನ ಡಾಕ್ಟರು ಬಂದಿದ್ದರು. ಅವರೂ ಒಂದು ಸಣ್ಣ ಬಗ್ಗಿ ಕಟ್ಟಿಸಿದಾರೆ, ಭಾನುವಾರದ ಶೋಕಿಗೆ. ಗೋಡೆ ಮೇಲೆಲ್ಲ ಕಣ್ಣಾಡಿಸಿ, ಆ ಮೂಲೆಯಲ್ಲಿದೆಯಲ್ಲ, ಟ್ರ್ಯಾಕ್ಟರಿನ ತಮ್ಮನ ಹಾಗೆ, ಅದೇ ಬೇಕು ಅಂದರು. ಡಾಕ್ಟ್ರೇ, ಅದು ಕೆಸರಿಗೆ ಅಂದೆ. ಇಲ್ಲ, ಅದರ ಹಲ್ಲು ಚೆನ್ನಾಗಿದೆ ಅಂದರು. ಹಲ್ಲಿನ ವಿಷಯದಲ್ಲಿ ಅವರ ಜೊತೆ ವಾದ ಮಾಡೋಕೆ ನಾನ್ಯಾರು? ಕೊಟ್ಟೆ. ಭಾನುವಾರ ಸಂಜೆ ಅವರ ಗಾಡಿ ಹೊಟ್ಟೆಮಟ್ಟ ಹೂತು ಕೂತಿತ್ತಂತೆ. ಗಾಡಿ ಮುಂದಕ್ಕೆ ಹೋಗೋಕೆ ಅಲ್ಲ, ಬಾವಿ ತೋಡೋಕೆ ಬಂದ ಹಾಗೆ ತೋಡಿದೆ. ದೊಡ್ಡ ಹಲ್ಲು ಕೆಸರನ್ನ ಕಚ್ಚುತ್ತೆ, ಸರಿ. ಮರಳಲ್ಲಿ ಕಚ್ಚೋಕೆ ಏನಿದೆ? ಮರಳಿನ ಮೇಲೆ ತೇಲಬೇಕು. ಅದರಲ್ಲೂ ನಿಮ್ಮಂಥ ಹಗುರ ಗಾಡಿ ಇಟ್ಕೊಂಡೋರು.

ತೇಲೋಕೆ ಏನು ಬೇಕು? ಪಕ್ಕೆ ಮೆತ್ತಗಿರಬೇಕು. ಹೆಬ್ಬೆರಳಿಂದ ಒತ್ತು ಇದನ್ನ… ಬಗ್ಗುತ್ತಾ? ಪದರ ಕಮ್ಮಿ ಇರೋ ಟೈರು ಇದು. ಈಗ ಆ ಲಾರಿಯದನ್ನ ಒತ್ತು… ಒತ್ತು ಒತ್ತು, ಉಗುರು ಮುರೀತು ಅಂತ ನನ್ನ ಮೇಲೆ ಕೇಸು ಹಾಕಬೇಡ. ಅದು ಬಗ್ಗೋದು ಐದು ಟನ್ ಹೇರಿದಾಗ. ನಿನ್ನ ಗಾಡಿ ಪೂರ್ತಿ ಹತ್ತಿ ಕೂತರೂ ಅದಕ್ಕೆ ನೊಣ ಕೂತ ಲೆಕ್ಕ. ಗಾಳಿ ಇಳಿಸಿದರೂ ಅಗಲ ಆಗಲ್ಲ, ಕಲ್ಲಿನ ಹಾಗೆ ಉರುಳುತ್ತೆ. ಈ ಮೆತ್ತಗಿನದು ಹಾಗಲ್ಲ. ಹತ್ತು ಪಾಯಿಂಟಿಗೆ ಗಾಳಿ ಇಳಿಸು, ಬೆಕ್ಕಿನ ಪಾದದ ಹಾಗೆ ಹರಡಿಕೊಳ್ಳುತ್ತೆ. ಇನ್ನೂ ಇಳಿಸ್ತೀನಿ ಅಂದರೆ ಹುಷಾರು, ತಿರುವಿನಲ್ಲಿ ಟೈರು ರಿಮ್ಮು ಬಿಟ್ಟು ಎದ್ದು ಹೋಗುತ್ತೆ.

ಮುಂದಕ್ಕೆ ಸಣ್ಣ ಟೈರು, ನುಣ್ಣಗಿರೋದು, ನಡುವೆ ಸುತ್ತ ಎದ್ದು ನಿಂತ ಒಂದೇ ಒಂದು ಏಣು. ದೋಣಿಯ ತಳದ ಹಾಗೆ ಮರಳನ್ನ ಸೀಳಿಕೊಂಡು ಹೋಗುತ್ತೆ, ಸ್ಟೇರಿಂಗ್ ಹೇಳಿದ ಮಾತು ಕೇಳುತ್ತೆ. ಮುಂದಕ್ಕೂ ಅಗಲದ್ದೇ ಹಾಕಿದರೆ, ನೀನು ಎಡಕ್ಕೆ ತಿರುಗಿಸ್ತೀಯ, ಗಾಡಿ ನೆಟ್ಟಗೇ ಹೋಗುತ್ತೆ… ಬಾಳಿ ಬದುಕಿದ ಗಂಡಸರ ಹಾಗೆ. ಹಿಂದಕ್ಕೆ ಪ್ಯಾಡಲ್ ಟೈರು. ಇಗೋ, ಅಡ್ಡಡ್ಡ ಪಟ್ಟಿ ಎದ್ದಿದೆಯಲ್ಲ, ದೋಣಿಗೆ ಹುಟ್ಟು ಹಾಕಿದ ಹಾಗೆ ಮರಳನ್ನ ಹಿಂದಕ್ಕೆ ತಳ್ಳುತ್ತೆ. ಬಾಣದ ಗುರುತು ಮುಂದಕ್ಕೆ ಇರಬೇಕು, ನೆನಪಿಡು. ನಮ್ಮ ಬ್ಯಾಂಕ್ ಮ್ಯಾನೇಜರು ಹಿಂದುಮುಂದಾಗಿ ಹಾಕಿಸಿಕೊಂಡು, ರಿವರ್ಸಿನಲ್ಲಿ ಮಾತ್ರ ದಿಬ್ಬ ಹತ್ತುತ್ತೆ ಅಂತ ಫೋನು ಮಾಡಿದ್ದರು.

ಮತ್ತೆ ನಕ್ಕೆ. ಅಬ್ಬ. ಹಾಗಾದರೆ ಎಂಟು ಗಾಡಿಗೂ ಇದೇ ಹಾಕೋಣ?

ಏನು?… ಹ್ಞೂಂ, ಅಡ್ಡ ಹೋಗುವಾಗ. ಕೇಳಿಸ್ತು. ದಿಬ್ಬದ ಪಕ್ಕೆಯಲ್ಲಿ ಅಡ್ಡಡ್ಡ ಹೋಗುವಾಗ ಈ ಪ್ಯಾಡಲ್ಲು ಹಿಡಿಯುತ್ತಾ, ಜಾರುತ್ತಾ. ಹತ್ತೋಕೆ ಇದರಂಥದ್ದು ಇನ್ನೊಂದಿಲ್ಲ ಕಣಮ್ಮ. ಹತ್ತೋದನ್ನ ನೋಡಬೇಕು ನೀನು, ಮೆಟ್ಟಿಲಿದೆಯೇನೋ ಅನ್ನೋ ಹಾಗೆ ಹತ್ತುತ್ತೆ.

ಅಲ್ಲ, ಹತ್ತೋದನ್ನ ನೀನು ಕೇಳಲಿಲ್ಲ, ನಿಜ. ಆದರೆ ಹತ್ತದೇ ಅಡ್ಡ ಹೋಗೋದು ಹೇಗೆ? ಮೊದಲು ಹತ್ತಬೇಕಲ್ಲ.

ನೋಡು, ನಾನು ಟೈರು ಓದೋನು. ಹಿತ್ತಲಿಗೆ ಹೋಗಿ ನೋಡಿದೀಯಾ? ಗಿರಾಕಿಗಳು ಬಿಚ್ಚಿ ಬಿಸಾಕಿ ಹೋದ ಹಳೇ ಟೈರು ಗುಡ್ಡೆ ಬಿದ್ದಿದೆ. ಒಂದು ಟೈರು ಕೈಗೆ ಕೊಡು, ಅದು ಎಲ್ಲೆಲ್ಲಿ ಓಡಿತು, ಗಾಳಿ ಎಷ್ಟಿತ್ತು, ಓಡಿಸಿದೋನು ಹೆಂಡತಿ ಮೇಲಿನ ಸಿಟ್ಟು ಬ್ರೇಕಿನ ಮೇಲೆ ತೀರಿಸ್ಕೊಂಡನಾ, ಅಷ್ಟೂ ಹೇಳ್ತೀನಿ. ಡಾಕ್ಟರು ನಾಡಿ ಹಿಡಿದು ಹೇಳೋದಿಲ್ಲವಾ, ಹಾಗೆ. ನಿನ್ನ ಎದುರಂಗಡಿಯವನು ಹೇಳ್ತಾನಾ? ಅವನಿಗೆ ಗೊತ್ತಿರೋದು ಪಾಲಿಶ್ ಡಬ್ಬಿಯ ಮುಚ್ಚಳ ಯಾವ ಕಡೆ ತಿರುಗುತ್ತೆ ಅಂತ.

ಮತ್ತೆ ಅದೇ. ಒಳ್ಳೆ ಕಂದಾಯದವರ ಹಾಗೆ ಕೇಳಿದ್ದೇ ಕೇಳ್ತೀಯಲ್ಲ. ಅಡ್ಡ ಹೋಗುವಾಗ, ಅಡ್ಡ ಹೋಗುವಾಗ… ಹಿಡಿಯುತ್ತೆ. ಹಿಡಿಯದೆ ಏನು? ನಾನೇ ಹೋಗಿಲ್ಲವಾ? ಇಗೋ, ಕಣ್ಣೆದುರಿಗೇ ನಿಂತಿದೆ ಸಾಕ್ಷಿ. ಅಡ್ಡ ಕಟ್ಟಿದ ಹಗ್ಗದಾಚೆ, ಆ ಕೆಂಪು ಬಗ್ಗಿ. ಅದರ ಹಿಂದಕ್ಕೆ ಹಾಕಿರೋದೂ ಇದೇ ಪ್ಯಾಡಲ್ಲು, ನಾಲ್ಕೂ ಟೈರು ಮೊದಲಿಂದ ಅವೇ, ಬದಲಾಯಿಸಿಲ್ಲ. ಹೋದ ಚಳಿಗಾಲ ಅದರಲ್ಲೇ ಬೋಳುದಿಬ್ಬದ ನೆತ್ತಿ ಹತ್ತಿದೆ. ಮೇಲೆ ಗಾಳಿ ಹೇಗಿತ್ತು ಅಂದರೆ, ಮೀಸೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯ್ತು. ಗೋಡೆ ಮೇಲೆ ಫೋಟೋ ನೋಡು. ಕಪ್ಪು ಕನ್ನಡಕ ಹಾಕ್ಕೊಂಡು, ಸ್ಟೇರಿಂಗ್ ಹಿಡ್ಕೊಂಡು, ಹಿಂದೆ ದಿಬ್ಬ… ಚಕ್ರ ಬಂದಿಲ್ಲ, ಫೋಟೋದವನಿಗೆ ನನ್ನ ಮುಖದ ಮೇಲೇ ಕಣ್ಣು. ಆ ಫೋಟೋ ನೋಡಿಯೇ ಜನ ಈ ಅಂಗಡಿಗೆ ಬರೋದು. ಮಾರೋನು ತಾನೇ ಓಡಿಸಿ ನೋಡಿ ಮಾರ್ತಾನೆ ಅಂತ ನಂಬಿಕೆ. ಅಂಗಡಿ ನಿಂತಿರೋದೇ ಆ ನಂಬಿಕೆ ಮೇಲೆ.

ಎಲ್ಲಿಗೆ ಎದ್ದೆ?

ಹಗ್ಗ ದಾಟಬೇಡ, ಒರೆಸಿ ಇಟ್ಟಿದೀನಿ, ಕೈ ಗುರುತು ಬೀಳುತ್ತೆ. ಅರೆ, ದಾಟಬೇಡ ಅಂದರೆ… ಸರಿ, ನೋಡು, ದೂರದಿಂದ ನೋಡು. ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸಿದೀನಿ, ಟೈರು ಒಂದೇ ಕಡೆ ಚಪ್ಪಟೆ ಆಗಬಾರದು ಅಂತ. ಯಾವತ್ತಿಂದ ಅಂದರೆ… ಚಳಿಗಾಲದಿಂದ. ಹತ್ತಿ ಬಂದ ಮೇಲೆ. ತೊಳೆದು ಎತ್ತಿಟ್ಟೆ.

ಹಿಂದಿನ ಚಕ್ರದ ಹತ್ತಿರ ಏನು ಕೂತ್ಕೊಂಡೆ? ಅದು ಇಲ್ಲಿ ಕೌಂಟರಿನಲ್ಲಿರೋ ಟೈರೇ ಅಂದೆನಲ್ಲ, ಇಲ್ಲೇ ನೋಡು, ಬೆಳಕಿದೆ.

ಬಾರಮ್ಮ, ಟೀ ತರಿಸಿದೀನಿ, ಆರಿ ಹೋಗುತ್ತೆ.

…

ಕೈ ತೆಗಿ ಅದರ ಮೇಲಿಂದ.

ಅಂಗೈ ಹಾಗೇ ಇಟ್ಕೊಂಡು ನನ್ನ ಮುಖ ಏನು ನೋಡ್ತೀಯ? ಟೈರು ನೋಡು. ಕೂದಲು ಚುಚ್ಚಿತಾ? ಚುಚ್ಚಿದರೆ ಚುಚ್ಚಲಿ… ಕೆಲವು ಕಂಪನಿಯದು ಗಟ್ಟಿ ಕೂದಲು ಇರುತ್ತೆ. ಬೇಗ ಉದುರಲ್ಲ. ನಾನು ಬೇರೆ ನಿಧಾನವಾಗಿ ಓಡಿಸಿದೆ… ಮತ್ತೆ ಆವತ್ತು ಮರಳೂ ಸ್ವಲ್ಪ ನಯವಾಗಿತ್ತು.

ನಗಲಿಲ್ಲ ನೀನು.

ಇಷ್ಟು ಹೊತ್ತು ಹಲ್ಲಿನ ಡಾಕ್ಟರಿಗೆ ನಕ್ಕೆ, ಬ್ಯಾಂಕ್ ಮ್ಯಾನೇಜರಿಗೆ ನಕ್ಕೆ. ಇದಕ್ಕೂ ನಗು. ನೀನು ನಕ್ಕರೆ ನಾನೂ ಒಂದು ಮಾತು ಸೇರಿಸಿ ಮುಂದಕ್ಕೆ ಹೋಗ್ತೀನಿ. ಹೀಗೆ ಸುಮ್ಮನೆ ಕೂತರೆ ನಾನು ಏನು ಮಾಡಲಿ? ವ್ಯಾಪಾರದಲ್ಲಿ ಬೈಯೋರನ್ನ ನೋಡಿದೀನಿ, ಚೌಕಾಶಿ ಮಾಡೋರನ್ನ ನೋಡಿದೀನಿ… ಸುಮ್ಮನಿರೋರಿಗೆ ಏನು ಮಾರಬೇಕು ಅಂತ ನನಗೆ ಬರಲ್ಲ.

ಟಾರ್ಪಾಲು ಮುಟ್ಟಬೇಡ. ಹಿಂದಿನ ಟಾರ್ಪಾಲು. ಎಂಜಿನ್ನಿಗೆ ಧೂಳು ಕೂರಬಾರದು ಅಂತ ಹೊದಿಸಿದ್ದು, ಎತ್ತಬೇಡ, ಒಳಗೆ ಎಲ್ಲ… ಎತ್ತಬೇಡ ಅಂದೆ.

…

ಹ್ಞೂಂ.

ಎಂಜಿನ್ನು ಇಲ್ಲ. ಕಾಣುತ್ತಲ್ಲ, ಇನ್ನೇನು ಕೇಳ್ತೀಯ. ಕೇಳಲಿಲ್ಲ, ಸರಿ. ಬರೀ ಚೌಕಟ್ಟು ಸಿಕ್ಕಿತು, ಅಂಗಡಿ ಮುಂದೆ ಚೆನ್ನಾಗಿ ಕಾಣುತ್ತೆ ಅಂತ ತಂದೆ. ಕೆಂಪು ಬಳಿಸಿದೆ. ಬಟ್ಟೆ ಅಂಗಡಿಯವನು ಬೊಂಬೆ ನಿಲ್ಲಿಸಲ್ಲವಾ? ಬೊಂಬೆಗೆ ಕರುಳಿದೆಯಾ ಅಂತ ಯಾರಾದರೂ ಸೀರೆ ಎತ್ತಿ ನೋಡ್ತಾರಾ? ನೀನೊಬ್ಬಳು. ಫೋಟೋ… ಫೋಟೋ ಈ ಚೌಕಟ್ಟನ್ನ ಲಾರಿ ಮೇಲೆ ನಿಲ್ಲಿಸಿ ತೆಗೆಸಿದ್ದು. ದಿಬ್ಬದ ಬುಡದ ರಸ್ತೆಯಲ್ಲಿ. ಲಾರಿಯ ಡ್ರೈವರು ಬೇಗ ಮುಗಿಸಿ ಅಂತ ಹಾರ್ನು ಹೊಡೀತಾ ಇದ್ದ, ಅದಕ್ಕೇ ನನ್ನ ಮುಖ ಅಷ್ಟು ಗಂಭೀರವಾಗಿ ಬಂದಿದೆ.

ಆದರೆ ನಾನು ಹೇಳಿದ್ದರಲ್ಲಿ ಒಂದು ಮಾತು ಸುಳ್ಳಾ ಹೇಳು. ಮೆತ್ತಗಿನ ಪಕ್ಕೆ, ಏಣಿನ ಟೈರು ಮುಂದಕ್ಕೆ, ಗಾಳಿ ಹತ್ತು ಪಾಯಿಂಟು… ಯಾರನ್ನ ಬೇಕಾದರೂ ಕೇಳು. ಹಿತ್ತಲಿನ ಟೈರು ಒಂದೊಂದಾಗಿ ತಿರುಗಿಸಿ ತಿರುಗಿಸಿ ಕಲಿತದ್ದು. ಅದು ಕಲಿಕೆ ಅಲ್ಲವಾ? ಮರಳಿಗಿಳಿದೋರು ಎಷ್ಟು ಜನಕ್ಕೆ ಇಷ್ಟು ಗೊತ್ತಿದೆ? ಆ ದಿಬ್ಬದ ಬುಡಕ್ಕೆ ಹೋದರೆ ನನ್ನ ಕಾಲು ತಾನಾಗೇ ಮನೆ ಕಡೆ ತಿರುಗುತ್ತೆ, ಅಷ್ಟೇ. ಅದಕ್ಕೂ ಟೈರಿಗೂ ಏನು ಸಂಬಂಧ?

ಸಾಕು, ಟಾರ್ಪಾಲು ಇಳಿಸಿ ಕೌಂಟರಿಗೆ ಬಾ.

ಗೊತ್ತು. ನೀನು ಕೇಳಿದ್ದು ಒಂದೇ. ಅಡ್ಡ ಹೋಗುವಾಗ ಏನಾಗುತ್ತೆ ಅಂತ. ಹಿತ್ತಲಿನಲ್ಲಿ ಅದಕ್ಕೆ ಉತ್ತರ ಇಲ್ಲ ಕಣಮ್ಮ. ಹುಡುಕಿದೀನಿ. ಮಗುಚಿಕೊಂಡ ಗಾಡಿಯ ಟೈರು ಸವೆದಿರಲ್ಲ. ಅದು ಹೊಸದಾಗೇ ಇರುತ್ತೆ. ಅದರ ಮೇಲೆ ಏನೂ ಬರೆದಿರಲ್ಲ.

ಸರಿ. ಹೀಗೆ ಮಾಡು. ಒಂದು ಜೊತೆ ಪ್ಯಾಡಲ್ಲು ಕೊಡ್ತೀನಿ, ಆಳ ಕಮ್ಮಿ ಇರೋ ಗೀರಿನ ಟೈರು ಒಂದು ಜೊತೆ ಕೊಡ್ತೀನಿ. ನಿನ್ನ ಗಾಡಿ ಹೊರಗೇ ನಿಂತಿದೆ. ಖಾಲಿ ಗಾಡಿಗೆ ಹಾಕಿ, ಎರಡನ್ನೂ ಸಣ್ಣ ದಿಬ್ಬದಲ್ಲಿ ಅಡ್ಡ ಓಡಿಸಿ ನೋಡು. ಯಾವುದು ಹಿಡಿಯುತ್ತೋ ಅದನ್ನೇ ಎಂಟಕ್ಕೂ ಹಾಕೋಣ. ಯಾವುದೂ ಹಿಡಿಯಲಿಲ್ಲ ಅಂದರೆ ಎದುರಂಗಡಿಗೇ ಹೋಗು, ನಾನು ಗಾಜಿನಿಂದ ನೋಡಲ್ಲ.

ಮತ್ತೆ ಏನು? ಇದಕ್ಕಿಂತ ನ್ಯಾಯವಾಗಿ ಹೇಳೋಕೆ ನನಗೆ ಬರಲ್ಲ. ಹೋಗಿ ನೋಡಿಕೊಂಡು ಬಾ ಅಂದೆನಲ್ಲ.

ಯಾಕೆ ಆ ಹೆಲ್ಮೆಟ್ಟನ್ನ ಈ ಕಡೆ ತಳ್ಳಿದೆ?

ತೆಗಿ, ನನ್ನ ಮುಂದಿಂದ. ನಿನ್ನದಲ್ಲವಾ ಅದು… ಇಲ್ಲ. ನಿನ್ನದು ನಿನ್ನ ಕೈಯಲ್ಲೇ ಇದೆ.

ಹಾಗಾದರೆ ನಾನು ದಿಬ್ಬ ಹತ್ತೇ ಇಲ್ಲ ಅಂತ ಬರುವಾಗಲೇ ಗೊತ್ತಿತ್ತು ನಿನಗೆ. ಟೈರು ಮುಟ್ಟೋಕೆ ಮುಂಚೆ, ಟಾರ್ಪಾಲು ಎತ್ತೋಕೆ ಮುಂಚೆ. ಇಷ್ಟು ಹೊತ್ತು ನನ್ನ ಬಾಯಿಂದ ಬೋಳುದಿಬ್ಬ ಹತ್ತಿಸಿ, ನೆತ್ತಿಯ ಗಾಳಿಗೆ ಮೀಸೆ ಹಾರಿಸಿ, ಸ್ಟೂಲಿನ ಮೇಲೆ ಕೂತು ನೋಡಿದೆ. ಯಾರು ಹೇಳಿದರು? ಅಕ್ಕನಾ? ಇಲ್ಲ ನನ್ನ ಮನೆಯವಳು, ನಿಮ್ಮತ್ತೆಯಾ?

ಹೇಳಲ್ಲ.

…ಈ ಹೆಲ್ಮೆಟ್ಟಿನ ಪಟ್ಟಿ ಎಲ್ಲಿ ಹಾಕಿಕೊಳ್ಳೋದು, ಅದನ್ನಾದರೂ ಹೇಳು.